ಪುಡಿ ಹಾಕದ ಬಿಯರು

ನಮ್ಮ ಮನೆಯಲ್ಲಿ ಬಿಯರು ಮಾಡುತ್ತಿದ್ದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಚಲಕರಂಜಿಯಲ್ಲಾಗಲಿ ಕೊಲ್ಹಾಪುರದಲ್ಲಾಗಲಿ ಯಾರನ್ನು ಕೇಳಿದರೂ ನನ್ನ ಗಂಡನ ಕಡೆಗೇ ಬೊಟ್ಟು ಮಾಡುತ್ತಾರೆ. ನಾನು ಸೆರಗು ಸಿಕ್ಕಿಸಿಕೊಂಡು ಪಾತ್ರೆ ತಿಕ್ಕಿಕೊಟ್ಟಿರಬೇಕು ಅಂದುಕೊಳ್ಳುತ್ತಾರೆ. ತಮಾಷೆಯೆಂದರೆ ಪಾತ್ರೆ ತಿಕ್ಕುತ್ತಿದ್ದವನೇ ಅವನು. ಅದು ಯಾಕೆಂದು ನನಗೆ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು.

ಇಚಲಕರಂಜಿಯ ಮಗ್ಗುಲಿನ ಕಬನೂರಿನಲ್ಲಿ ನಮ್ಮದು ಮಗ್ಗಗಳ ಶೆಡ್ಡು. ರೋಗದ ವರ್ಷ, ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ, ಎಲ್ಲ ಮಗ್ಗಗಳೂ ಒಮ್ಮೆಲೇ ನಿಂತವು. ಮದುವೆಯಾದಾಗಿನಿಂದ ಅವುಗಳ ಖಟಖಟದಲ್ಲೇ ಮಾತಾಡಿ ರೂಢಿಯಾದ ನಮಗೆ ಆ ಮೌನದಲ್ಲಿ ಏನು ಮಾತಾಡಬೇಕೆಂದೇ ತಿಳಿಯುತ್ತಿರಲಿಲ್ಲ. ಗಂಡ ದಿನವಿಡೀ ಮೊಬೈಲಿನಲ್ಲಿ ವೀಡಿಯೋ ನೋಡುತ್ತ ಕೂತಿರುತ್ತಿದ್ದ. ಒಂದು ದಿನ ಕೊಲ್ಹಾಪುರದ ಗುಜರಿಯೊಂದರಿಂದ ಉಕ್ಕಿನ ಮೂರು ಉದ್ದನೆಯ ಡಬ್ಬಿಗಳನ್ನು ಹೊತ್ತುಕೊಂಡು ಬಂದ. ಹಿಂದೆ ತಂಪು ಪಾನೀಯದ ಯಂತ್ರಗಳಿಗೆ ಜೋಡಿಸುತ್ತಿದ್ದ ಡಬ್ಬಿಗಳಂತೆ. ಅವಕ್ಕೆ ಕೆಗ್ ಅನ್ನುತ್ತಾರೆ ಎಂದು ಅವನೇ ಹೇಳಿದ. ಒಂದು ಬಾಯಿಂದ ಗ್ಯಾಸ್ ಒಳಗೆ ಹೋಗುತ್ತದೆ, ಇನ್ನೊಂದು ಬಾಯಿಗೆ ನಲ್ಲಿ ಜೋಡಿಸಿದರೆ ಬಿಯರು ಹೊರಗೆ ಬರುತ್ತದೆ. ಮಾಲ್ಟು ಎನ್ನುವ ಮೊಳೆಸಿ ಒಣಗಿಸಿದ ಬಾರ್ಲಿ ಕಾಳು, ಹಾಪ್ಸ್ ಎನ್ನುವ ಕಹಿ ಹೂವು, ಹುದುಗು ಬರಿಸುವ ಯೀಸ್ಟು ಎಲ್ಲವೂ ಆನ್‌ಲೈನಿನಲ್ಲಿ ಬಂದವು. ಮನೆಯಲ್ಲಿ ಇದನ್ನು ಮಾಡುವುದಕ್ಕೆ ಕಾಯ್ದೆಯ ಒಪ್ಪಿಗೆ ಇಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು. ಆದ್ದರಿಂದ ಎಲ್ಲ ವ್ಯವಹಾರವೂ ಮಾಳಿಗೆಯ ಮೇಲಿನ ಖೋಲಿಯಲ್ಲಿ.

ಅವನು ಮಾಡಿದ ಮೊದಲ ಬಿಯರು ಜೋಳದ ಅಂಬಲಿಯ ಹಾಗಿತ್ತು. ಬಣ್ಣವೂ ಅದೇ, ದಪ್ಪವೂ ಅದೇ. ಅವನ ಗೆಳೆಯರು ಗ್ಲಾಸು ಎತ್ತಿ ಬೆಳಕಿಗೆ ಹಿಡಿದು, "ಇದಕ್ಕ ಉಳ್ಳಾಗಡ್ಡಿ ಹೆಚ್ಚಿ ಹಾಕಿ ಕೊಡಪಾ, ಕುಡೀತೇವಿ" ಎಂದು ನಕ್ಕರು. ಅವನೂ ಅವರೊಂದಿಗೆ ನಕ್ಕ. ಅವರು ಹೋದ ಮೇಲೆ ಮಾತ್ರ ಇಡೀ ಕೆಗ್ಗನ್ನು ಮೋರಿಗೆ ಸುರಿದುಬಿಟ್ಟ.

ನಾನು ಗಡಹಿಂಗ್ಲಜದ ಬೆಲ್ಲದ ವ್ಯಾಪಾರಸ್ಥರ ಮಗಳು. ಅಲ್ಲಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳು. ಮದುವೆಯಾದ ಮೇಲೆ ಆ ಓದು ಹಾಲು ಒಡೆದಾಗ ಒಡೆದದ್ದು ಯಾಕೆ ಎಂದು ಹೇಳುವುದಕ್ಕಷ್ಟೇ ಉಪಯೋಗಕ್ಕೆ ಬಂದಿತ್ತು. ಹಾಗಾಗಿ ಆ ಕದಡಿದ ಬಿಯರು ನನಗೆ ಒಂದು ಕರೆಯಂತೆ ಕಂಡಿತು. ಬಂದ ಪುಸ್ತಿಕೆ ಓದಿದೆ, ಮೊಬೈಲಿನಲ್ಲಿ ಹುಡುಕಿದೆ. ಅವನು ಎಲ್ಲೆಲ್ಲಿ ಅವಸರ ಮಾಡಿದ್ದಾನೆಂಬುದು ಒಂದೊಂದಾಗಿ ಕಾಣಿಸಿತು. ಕುದಿಸಿದ್ದನ್ನು ಬೇಗ ಆರಿಸಿರಲಿಲ್ಲ. ಯೀಸ್ಟು ಕೆಲಸ ಮುಗಿಸುವ ಮೊದಲೇ ಕೆಗ್ಗಿಗೆ ತುಂಬಿದ್ದ. ಗ್ಯಾಸು ಬೇಗ ಹಿಡಿಯಲಿ ಎಂದು ಕೆಗ್ಗನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂಸನ್ನು ತೂಗಿದ ಹಾಗೆ ಅಲುಗಾಡಿಸಿದ್ದ. ಕೆಳಗೆ ಕೂತ ಗಷ್ಟೆಲ್ಲ, ಅಂದರೆ ತಳದ ಗಸಿಯೆಲ್ಲ, ಮತ್ತೆ ಮೇಲೆದ್ದಿತ್ತು.

"ಅದನ್ನ ಅಳಗಾಡಸಬ್ಯಾಡ್ರಿ. ತಣ್ಣಗ ಇಟ್ಟು ಸುಮ್ಮನ ಬಿಟ್ರ ತಾನ ತಿಳಿ ಆಗತೈತಿ," ಅಂದೆ.

"ಎಷ್ಟ ದಿನಾ ಬಿಡೂದು?"

"ಅದಕ್ಕ ಎಷ್ಟ ಬೇಕೋ ಅಷ್ಟ."

"ಹಂಗಾರ ನೀನ ಮಾಡು," ಎಂದು ಅವನು ಎದ್ದು ಹೋದ. ಸಿಟ್ಟಿನಲ್ಲಿ ಆಡಿದ ಆ ಮಾತನ್ನು ನಾನು ಒಪ್ಪಿಗೆಯೆಂದೇ ತೆಗೆದುಕೊಂಡೆ.

ಮಾಡಿದೆ. ಕುದಿಸುವ ದಿನ ಮಾಲ್ಟಿನ ವಾಸನೆ ಓಣಿಗೆ ಹೋಗದಿರಲೆಂದು ಕೆಳಗಿನ ಒಲೆಯ ಮೇಲೆ ಹುರುಳಿ ಬೇಯಲು ಇಡುತ್ತಿದ್ದೆ. ಮಾಲ್ಟಿನ ಜೊತೆಗೆ ಆಜರಾ ಊರಿನ ಅಕ್ಕಿ ಸ್ವಲ್ಪ ಬೇಯಿಸಿ ಸೇರಿಸಿದೆ, ಬಣ್ಣ ತಿಳಿಯಾಗಿ ಬಂತು. ಕಾಳಿನ ಗಂಜಿ, ಅಂದರೆ ಪಿಷ್ಟ, ಪೂರಾ ಸಕ್ಕರೆಯಾಗಿದೆಯೋ ಇಲ್ಲವೋ ನೋಡಲು ಒಂದು ಹನಿ ಅಯೋಡಿನ್ ಹಾಕುತ್ತಿದ್ದೆ. ನೀಲಿಯಾದರೆ ಗಂಜಿ ಉಳಿದಿದೆ, ಬಿಯರು ಮುಂದೆ ಮಬ್ಬಾಗುವುದು ಖಂಡಿತ. ಕುದಿಯ ಕೊನೆಗೆ ಒಣಗಿದ ಸಮುದ್ರಪಾಚಿ ಚೂರು ಹಾಕಿದರೆ ಕಸವೆಲ್ಲ ಮುದ್ದೆಗಟ್ಟುತ್ತಿತ್ತು. ಕೆಗ್ಗಿನೊಳಗಿನ ಕೊಳವೆ ತಳ ಮುಟ್ಟುವುದರಿಂದ ಮೊದಲು ಗಷ್ಟೇ ಬರುತ್ತದೆ. ಆ ಕೊಳವೆಯನ್ನು ಶೆಡ್ಡಿನ ಫಿಟ್ಟರ್ ಹತ್ತಿರ ಒಯ್ದು ಒಂದು ಬೆರಳು ಅಗಲದಷ್ಟು ಕತ್ತರಿಸಿಕೊಂಡು ಬಂದೆ. ಯಾವ ಯಂತ್ರದ್ದೆಂದು ಅವನು ಕೇಳಿದ. ನೀರಿನ ಫಿಲ್ಟರಿನದು ಅಂದೆ.

ಹಳೆಯ ಫ್ರಿಜ್ಜಿನಲ್ಲಿ ಕೆಗ್ಗನ್ನು ಕೂರಿಸಿದ ಮೇಲೆ ಮಾಡುವುದೇನೂ ಇಲ್ಲ. ಅದೇ ಕಷ್ಟ. ಬಾಗಿಲು ತೆರೆಯಬಾರದು, ಎತ್ತಬಾರದು, ಸರಿಸಬಾರದು. ಕರೆಂಟು ಹೋದಾಗಲೆಲ್ಲ ಅದು ಬರುವವರೆಗೂ ಫ್ರಿಜ್ಜಿನ ಎದುರೇ ಕೂತಿರುತ್ತಿದ್ದೆ. ಒಂದು ಸಂಜೆ ನಲ್ಲಿ ತಿರುಗಿಸಿದಾಗ ಮೊದಲರ್ಧ ಗ್ಲಾಸು ಮಬ್ಬಾಗಿ ಬಂದು, ಆಮೇಲೆ ಬಂದದ್ದು ಹೇಗಿತ್ತೆಂದರೆ, ಗ್ಲಾಸಿನ ಆಚೆ ಹಿಡಿದ ನನ್ನ ಬೆರಳಿನ ಗೆರೆಗಳು ಕಂಡವು. ಕುಡಿದೆ. ನನಗೆ ರುಚಿಸಿತು. ಇದನ್ನೂ ಹೇಳಿಬಿಡುತ್ತೇನೆ, ನಾನು ಬರೇ ಮಾಡಿ ಬಡಿಸಿದವಳಲ್ಲ, ಕುಡಿದವಳೂ ಹೌದು.

ಇನ್ನು ಅತ್ತೆಯ ವಿಷಯ. ಅವರು ದಿನಾ ಬೆಳಿಗ್ಗೆ ಲಿಂಗಪೂಜೆ ಮಾಡದೆ ನೀರು ಮುಟ್ಟುವವರಲ್ಲ. ಉಳ್ಳಾಗಡ್ಡಿ ತಿಂದ ಬಾಯಿಂದ ದೇವರ ಮಾತಾಡಬಾರದು ಅನ್ನುವವರು. ಮೇಲೆ ನಡೆಯುವುದು ಅವರಿಗೆ ಎಷ್ಟು ದಿನ ಗೊತ್ತಾಗದೆ ಇದ್ದೀತು? ಒಂದು ದಿನ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದೇಬಿಟ್ಟರು. ನಾನೂ ಗಂಡನೂ ಇಬ್ಬರೂ ಅಲ್ಲೇ ಇದ್ದೆವು.

"ಇದರಾಗ ಏನೇನ ಹಾಕೀರಿ?" ಎಂದಷ್ಟೇ ಕೇಳಿದರು, ಸೆರೆಯ ಮಾತು ಎತ್ತಲಿಲ್ಲ.

"ಕಾಳು, ಅಕ್ಕಿ, ಒಂದ ನಮೂನಿ ಹೂವಾ, ನೀರ ಅಷ್ಟ ರೀ ಅತ್ಯಾರ."

"ಜೀವದ್ದು ಏನೂ ಇಲ್ಲಲ್ಲಾ?"

"ಇಲ್ರಿ. ಕೆಲವರು ಲಗೂ ತಿಳಿ ಆಗಲಿ ಅಂತ ಜಿಲೆಟಿನ್ ಪುಡಿ ಹಾಕ್ತಾರ. ದನದ ಎಲಬು, ತೊಗಲ ಕುದಿಸಿ ಮಾಡಿದ್ದದು. ನಮ್ಮ ಮನ್ಯಾಗ ಅದು ಬರೂದಿಲ್ರಿ."

ಗಂಡನೂ ಅಂದ, "ಛೀ, ಅದನ್ಯಾಕ ತರೂಣು ಯವ್ವಾ? ಲಿಂಗಾ ಇದ್ದ ಮನಿ."

ಅತ್ತೆ ನನ್ನ ಕಡೆ ತಿರುಗಿದರು. "ನಿನ್ನ ಮಾತಿನ ಮ್ಯಾಲ ಬಿಟ್ಟೇನಿ ನೋಡ್ವಾ," ಎಂದು ಇಳಿದು ಹೋದರು. ಮಗನ ಮಾತಿನ ಮೇಲೆ ಅನ್ನಲಿಲ್ಲ. ಅಂದು ನನಗೆ ಅದು ದೊಡ್ಡ ಮರ್ಯಾದೆ ಅನ್ನಿಸಿತ್ತು.

ಆಮೇಲಿನ ಕೆಗ್ಗುಗಳೆಲ್ಲ ತಿಳಿಯಾಗಿಯೇ ಬಂದವು. ಮೊದಲಿಗಿಂತ ಬೇಗನೆ, ಮೊದಲಿಗಿಂತ ಚೊಕ್ಕಟವಾಗಿ. ನನ್ನ ಕೈ ಪಳಗಿತು ಅಂದುಕೊಂಡೆ. ಮಗ್ಗಗಳು ಮತ್ತೆ ಶುರುವಾಗಿದ್ದರೂ ಗಂಡ ಸಂಜೆ ಬಂದು ಸಹಾಯ ಮಾಡುತ್ತಿದ್ದ. ಗ್ಯಾಸಿನ ಒತ್ತಡ ನೋಡುತ್ತೇನೆಂದು ಫ್ರಿಜ್ಜಿನ ಹತ್ತಿರ ಹೋಗುತ್ತಿದ್ದ. ಖಾಲಿಯಾದ ಕೆಗ್ಗುಗಳನ್ನು ತಾನೇ ತೊಳೆಯುತ್ತಿದ್ದ. "ನಿನ್ನ ನಡಾ ನೋಯತೈತಿ, ನೀ ಬಿಡು," ಅನ್ನುತ್ತಿದ್ದ. ಗಡಹಿಂಗ್ಲಜಕ್ಕೆ ಹೋದಾಗ ಅವ್ವನ ಮುಂದೆ, ನಿಮ್ಮ ಅಳಿಯ ಈಗ ಪಾತ್ರೆ ತೊಳೆಯುತ್ತಾರೆ ಎಂದು ಹೇಳಿ ಹೆಮ್ಮೆಪಟ್ಟುಕೊಂಡಿದ್ದೂ ಉಂಟು.

ಗೆಳೆಯರು ಈಗ ನಗುತ್ತಿರಲಿಲ್ಲ. ಗ್ಲಾಸು ಹಿಡಿದು ಅವನ ಬೆನ್ನು ತಟ್ಟುತ್ತಿದ್ದರು. "ನಂದೊಂದ ಪದ್ಧತಿ ಐತಿ," ಎಂದು ಅವನು ಅನ್ನುವುದು ಅಡಿಗೆಮನೆಯವರೆಗೂ ಕೇಳಿಸುತ್ತಿತ್ತು. ನಾನು ಶೇಂಗಾ ಹುರಿಯುತ್ತಿರುತ್ತಿದ್ದೆ. ಗಂಡಸರ ನಡುವೆ ಮಾತು ಹಾಗೇ ಇರುತ್ತದೆ ಎಂದು ನುಂಗಿಕೊಂಡೆ.

ಆ ಗೆಳೆಯರಲ್ಲೊಬ್ಬನ ಮೂಲಕ ಕೊಲ್ಹಾಪುರದ ಒಬ್ಬ ಹೋಟೆಲು ಮಾಲೀಕನ ಪರಿಚಯವಾಯಿತು. ಅವನು ಪರವಾನಗಿ ತೆಗೆದುಕೊಂಡು, ಹೋಟೆಲಿನಲ್ಲೇ ಬಿಯರು ಮಾಡಿ ಮಾರುವ ಏರ್ಪಾಟಿನಲ್ಲಿದ್ದ. ಮಾಡುವವರೊಬ್ಬರು ಬೇಕಾಗಿದ್ದರು. ಊರಾಚೆಯ ಕಬ್ಬಿನ ಹೊಲದಲ್ಲಿದ್ದ ಅವನ ಮನೆಗೆ ಒಂದು ಕೆಗ್ ತನ್ನಿ, ರುಚಿ ನೋಡೋಣ ಎಂದು ಕರೆ ಬಂತು.

ಗಂಡನಿಗೆ ಒಂದೇ ಭಯ. "ಗಾಡ್ಯಾಗ ಒಯ್ದರ ಎಲ್ಲಾ ಕದಡಿ ಅಂಬಲಿ ಆಗತೈತಲ್ಲ?"

ಇಲ್ಲಿಂದ ಕೊಲ್ಹಾಪುರದ ರಸ್ತೆ ಗೊತ್ತಿದ್ದವರಿಗೆ ಆ ಭಯ ಸುಳ್ಳಲ್ಲ ಎಂದು ಗೊತ್ತು. ನಾನು ಉಪಾಯ ಮಾಡಿದೆ. ತಿಳಿಯಾದ ಕೆಗ್ಗನ್ನು ಅಲುಗಾಡಿಸದೆ, ಅದರ ನಲ್ಲಿಯಿಂದ ಇನ್ನೊಂದು ಖಾಲಿ ಕೆಗ್ಗಿಗೆ ನಳಿಗೆ ಜೋಡಿಸಿ, ಗ್ಯಾಸಿನ ಒತ್ತಡದಿಂದಲೇ ಮೆಲ್ಲಗೆ ದಾಟಿಸಿದೆ. ಗಾಳಿ ಸೋಕದಂತೆ, ನೊರೆ ಏಳದಂತೆ. ಗಷ್ಟು ಹಳೆಯ ಕೆಗ್ಗಿನಲ್ಲೇ ಉಳಿಯಿತು, ಹೊಸದರಲ್ಲಿ ತಿಳಿ ಮಾತ್ರ. ಇನ್ನು ಎಷ್ಟು ಕುಲುಕಿದರೂ ಕದಡಲು ಒಳಗೆ ಏನೂ ಇಲ್ಲ. ನಳಿಗೆ ಬಿಚ್ಚಿದಾಗ ಅವನು, "ಭಾರಿ ಶಾಣೇಕಿ ನೀ," ಅಂದ. ಅದು ಅವನು ನನಗೆ ಹೇಳಿದ ಕೊನೆಯ ಒಳ್ಳೆಯ ಮಾತು ಅಂದರೆ ಅತಿಯಾಯಿತು. ನಾನು ನಂಬಿದ ಕೊನೆಯ ಒಳ್ಳೆಯ ಮಾತು ಅನ್ನಬಹುದು.

ಹೊಲದ ಮನೆಯಲ್ಲಿ ಹೋಟೆಲು ಮಾಲೀಕನೂ ಅವನ ಇಬ್ಬರು ಪಾಲುದಾರರೂ ಇದ್ದರು. "ಯಾ ವಹಿನಿ, ಬಸಾ," ಬನ್ನಿ ಅತ್ತಿಗೆ, ಕೂಡಿರಿ ಎಂದು ಮರ್ಯಾದೆಯಿಂದಲೇ ಕೂರಿಸಿದರು. ಮಾತೆಲ್ಲ ಮರಾಠಿಯಲ್ಲಿ. ಗಂಡ ನನ್ನನ್ನು ತೋರಿಸಿ, ಇವಳು ಸ್ವಲ್ಪ ಸಹಾಯ ಮಾಡುತ್ತಾಳೆ ಅಂದ. ನಾನು ನಲ್ಲಿ ಜೋಡಿಸಿ ಗ್ಲಾಸು ತುಂಬಿಕೊಟ್ಟೆ. ಮೊದಲ ಗ್ಲಾಸೇ ತಿಳಿ. ಕಬ್ಬಿನ ಹೊಲದ ಕಡೆಯಿಂದ ಬರುವ ಬಿಸಿಲಿಗೆ ಅದನ್ನು ಹಿಡಿದು ಮಾಲೀಕ ತಲೆದೂಗಿದ. ಇಷ್ಟು ತಿಳಿ ಹೇಗೆ ಬಂತು ಎಂದು ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಗಂಡ ಹೇಳಿದ:

"ಜಿಲೆಟಿನ್. ಬಿಸಿ ನೀರಿನಲ್ಲಿ ಕರಗಿಸಿ, ಕೆಗ್ ತಣ್ಣಗಾದ ಮೇಲೆ ಒಳಗೆ ಹಾಕಿಬಿಡುವುದು. ಎರಡೇ ದಿನಕ್ಕೆ ಕನ್ನಡಿ. ನಾನು ಮೊದಲಿನಿಂದಲೂ ಅದನ್ನೇ ಮಾಡುವುದು."

ಮೊದಲು ನಾನು, ಗಿರಾಕಿಗಳ ಮುಂದೆ ಏನೋ ಬಾಯಿಗೆ ಬಂದದ್ದು ಹೇಳುತ್ತಿದ್ದಾನೆ ಅಂದುಕೊಂಡೆ. ಆದರೆ ಅವನು ಪುಡಿಯ ಅಳತೆ ಹೇಳಿದ, ನೀರು ಎಷ್ಟು ಬಿಸಿಯಿರಬೇಕೆಂದು ಹೇಳಿದ, ಕೇಕಿನ ಸಾಮಾನು ಮಾರುವ ಯಾವ ಅಂಗಡಿಯಲ್ಲಿ ಅದು ಸಿಗುತ್ತದೆ ಎಂಬುದನ್ನೂ ಹೇಳಿದ. ಮಾಡಿದವನಿಗೆ ಮಾತ್ರ ಗೊತ್ತಿರುವ ಸಂಗತಿಗಳು. ನನ್ನ ಕೈಯಲ್ಲಿ ಅರ್ಧ ಕುಡಿದ ಗ್ಲಾಸು ಇತ್ತು.

ಅವರಿಗೆ ತಿಳಿಯದಿರಲೆಂದು ಕನ್ನಡದಲ್ಲಿ ಕೇಳಿದೆ, "ಖರೇನ ಹಾಕೀರಿ?"

"ಆಮ್ಯಾಲ ಮಾತಾಡೂಣು," ಎಂದು ಅವನೂ ಕನ್ನಡದಲ್ಲೇ ಹೇಳಿ, ನಗುಮುಖದಿಂದ ಮರಾಠಿಗೆ ತಿರುಗಿದ. ನಾನು ಎದ್ದು ಅಂಗಳದ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿದೆ. ವಹಿನಿಗೆ ಕಹಿಯಾಯಿತೇನೋ ಎಂದು ಒಳಗೆ ಯಾರೋ ಅಂದರು, ಎಲ್ಲರೂ ನಕ್ಕರು.

ವಾಪಸು ಬರುವಾಗ ಗಾಡಿಯಲ್ಲಿ ಕೇಳಿದೆ, "ಎಂದಿನಿಂದ?"

"ಯವ್ವ ಮ್ಯಾಲ ಬಂದ ಹೋದ ಮ್ಯಾಲಿಂದ. ಮೊದಲ ನನಗ ಗೊತ್ತ ಇರಲಿಲ್ಲ. ಹಿಂಗೊಂದ ಪುಡಿ ಐತಿ ಅಂತ ಹೇಳಿದಾಕಿ ನೀನ."

"ತರೂದಿಲ್ಲ ಅಂತ ಅವರ ಮುಂದ ಅಂದ್ರಿ."

"ಏನಾತೀಗ? ಚೂರ ಪುಡಿ. ಅದು ಗಷ್ಟ ಹಿಡಕೊಂಡು ತಳಕ್ಕ ಕುಂದರತೈತಿ, ಗ್ಲಾಸಿನ್ಯಾಗ ಬರೂದಿಲ್ಲ. ನೀನ ರಸಾಯನಶಾಸ್ತ್ರ ಓದೀಯಲ್ಲ, ನಿನಗ ಗೊತ್ತಾಗೂದಿಲ್ಲೇನ?"

ಗೊತ್ತಾಗುತ್ತದೆ. ಅದೇ ನನ್ನನ್ನು ಹೆಚ್ಚು ಸುಟ್ಟಿದ್ದು. ಅವನು ಹೇಳಿದ್ದು ಬಹುಮಟ್ಟಿಗೆ ನಿಜ. ನನ್ನ ಓದನ್ನೇ ತೆಗೆದು ನನ್ನ ಬಾಯಿಗೆ ತುರುಕಿದ್ದ.

"ನನಗ ಹೇಳಬೇಕಿತ್ತು."

"ಹೇಳಿದ್ರ ನೀ ಬಿಡತಿದ್ದೇನು? ತಿಂಗಳಗಟ್ಟಲೆ ಕುಂದ್ರಾಕ ಯಾರಿಗೆ ಪುರಸೊತ್ತ ಐತಿ?"

ಕೆಗ್ಗುಗಳನ್ನು ಅವನೇ ತೊಳೆಯುತ್ತಿದ್ದುದು ಯಾಕೆಂದು ಆಗ ಹೊಳೆಯಿತು. ಪುಡಿ ಹಾಕಿದ ಕೆಗ್ಗಿನ ತಳದಲ್ಲಿ ಗಷ್ಟು ಲೋಳೆಯಂತೆ ಗಟ್ಟಿಯಾಗಿ ಕೂತಿರುತ್ತದೆ. ನಾನು ನೋಡಿದರೆ ಗುರುತು ಹಿಡಿಯುತ್ತಿದ್ದೆ. ನಾನು ನಡುನೋವಿನ ಕಾಳಜಿ ಅಂದುಕೊಂಡದ್ದು ಅದು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ನನ್ನ ತಾಳ್ಮೆಯಿಂದ ತಿಳಿಯಾಯಿತೆಂದು ನಾನು ಒಳಗೊಳಗೇ ಬೀಗಿದ ಕೆಗ್ಗುಗಳಲ್ಲಿ ಯಾವುದು ನನ್ನದು, ಯಾವುದು ಪುಡಿಯದು? ಹೋಟೆಲಿನವರ ಮುಂದೆ ಮೊದಲಿನಿಂದಲೂ ಅಂದವನು ನನ್ನ ಮುಂದೆ ಯವ್ವ ಬಂದು ಹೋದ ಮೇಲಿಂದ ಅಂದಿದ್ದ, ಹಾಗಾಗಿ ಆ ಮೊದಲ ತಿಳಿ ಕೆಗ್ಗನ್ನೂ ನಂಬುವಂತಿರಲಿಲ್ಲ. ನನ್ನ ಕೈ ಪಳಗಿತ್ತೋ ಇಲ್ಲವೋ, ಅದೂ ಈಗ ನನಗೆ ಗೊತ್ತಿಲ್ಲ.

ಮರುದಿನ ಅತ್ತೆಯ ಪೂಜೆ ಮುಗಿಯುವವರೆಗೂ ಕಾದು, ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ನನ್ನ ಮಾತಿನ ಮೇಲೆ ಬಿಟ್ಟಿದ್ದರಲ್ಲ, ಆ ಮಾತು ಸುಳ್ಳಾಗಿದ್ದು ಅವರಿಗೆ ತಿಳಿಯಬೇಕು. ಅವರು ವಿಭೂತಿ ಗಟ್ಟಿಯನ್ನು ಬಟ್ಟೆಯಲ್ಲಿ ಸುತ್ತುತ್ತ ಕೇಳಿದರು. ಸುತ್ತಿ ಮುಗಿದ ಮೇಲೆ ಹೇಳಿದರು:

"ಗಂಡಸೂರು ಹೊರಗ ನೂರಾ ಎಂಟ ಮಾಡ್ತಾರ. ಅವನೇನ ಬೇಕಂತ ಮಾಡ್ಯಾನೇನು? ಆ ಸುಡಗಾಡ ಪುಡಿ ಹೆಸರ ಈ ಮನ್ಯಾಗ ಮೊದಲ ತಗದಾಕಿ ನೀನ."

ಗಾಡಿಯಲ್ಲಿ ಅವನು ಆಡಿದ್ದೂ ಇದೇ ಮಾತು. ತಾಯಿ ಮಗ ಮೊದಲೇ ಮಾತಾಡಿಕೊಂಡಿದ್ದರೋ, ಒಂದೇ ರಕ್ತವೋ, ನಾನು ವಿಚಾರಿಸಲಿಲ್ಲ.

ಗಡಹಿಂಗ್ಲಜಕ್ಕೆ ಹೋದೆ. ಅವ್ವ ಮೂರು ದಿನ ಏನೂ ಕೇಳದೆ ಉಣ್ಣಲಿಕ್ಕೆ ಹಾಕಿದಳು. ನಾಲ್ಕನೆಯ ದಿನ ನಾನೇ ಹೇಳಿದೆ. ಅವಳು ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ನೀನೂ ಕುಡದಿ?"

"ಹೂಂ."

"ಸೆರೆ ಕುಡದ ಬಾಯಿಲೆ ಎಲಬಿನ ಪುಡಿ ಮೈಲಿಗಿ ಅಂತೀಯಲ್ಲ, ಕೇಳಿದಾವರು ಏನಂದಾರು? ಹೊರಗ ಯಾರ ಮುಂದೂ ಅನಬ್ಯಾಡ."

ಅವಳು ಸಿಟ್ಟಿನಿಂದ ಹೇಳಲಿಲ್ಲ, ನನ್ನ ಮರ್ಯಾದೆ ಉಳಿಸಲಿಕ್ಕೇ ಹೇಳಿದಳು. ಮೈಲಿಗೆಯ ಮಾತಲ್ಲ ಅವ್ವಾ, ಮೋಸದ ಮಾತು ಎಂದು ಬಿಡಿಸಿ ಹೇಳಲು ನೋಡಿದೆ. ಅವಳು ಮತ್ತೆ ಮೊರ ಎತ್ತಿಕೊಂಡು ಕಾಳು ಕೇರತೊಡಗಿದಳು. ಬಿಯರು ಕುಡಿದ ಹೆಂಗಸಿಗೆ ಮೋಸವಾಯಿತು ಎಂದು ಹೇಳುವ ಹಕ್ಕು ಇಲ್ಲ. ಇದನ್ನು ನಾನು ಕಲಿತದ್ದು ತವರಿನ ಪಡಸಾಲೆಯಲ್ಲಿ.

ನಾನು ತಿರುಗಿ ಬರುವಷ್ಟರಲ್ಲಿ ಗಂಡ ಹೋಟೆಲಿನವನ ಜೊತೆ ಮಾತು ಪಕ್ಕಾ ಮಾಡಿಕೊಂಡಿದ್ದ. ಕಬನೂರಿನ ಶೆಡ್ಡನ್ನು ನಾನು ನೋಡಿಕೊಳ್ಳಬೇಕು, ಅವನು ವಾರವೆಲ್ಲ ಕೊಲ್ಹಾಪುರದಲ್ಲಿ. ಒಂದು ಕೆಗ್ ಮಾತ್ರ ಇಲ್ಲೇ ಬಿಟ್ಟು ಹೋದ. ಅಕ್ಕಿ ಎಷ್ಟು, ಪಾಚಿ ಎಷ್ಟು, ಎಷ್ಟು ಹೊತ್ತು ಕುದಿ, ಎಲ್ಲವನ್ನೂ ನನ್ನಿಂದಲೇ ಕೇಳಿಕೊಂಡು ಹೋದ. ಹೇಳಿದೆ. ಹೇಳದೆ ಉಳಿಸಿಕೊಂಡು ನಾನು ಮಾಡುವುದೇನಿತ್ತು?

ಆದರೂ ಒಂದು ಸಲ, ನನ್ನ ಸಲುವಾಗಿ, ಮತ್ತೆ ಮಾಡಿದೆ. ಖೋಲಿಗೆ ಕೀಲಿ ಹಾಕಿ ಕೀಲಿಕೈ ನನ್ನ ಹತ್ತಿರವೇ ಇಟ್ಟುಕೊಂಡೆ. ಯಾವ ಪುಡಿಯೂ ಇಲ್ಲ, ಯಾರ ಕೈಯೂ ಇಲ್ಲ. ಮೊದಲ ವಾರಗಳಲ್ಲಿ ನೋಡಿದಾಗ ಮಬ್ಬೇ ಇತ್ತು. ಅವನು ಹೇಳಿದ್ದೇ ಸರಿಯಿರಬೇಕು, ನಾನು ಅಂದುಕೊಂಡದ್ದೆಲ್ಲ ಭ್ರಮೆ ಎಂದು ಶೆಡ್ಡಿನಲ್ಲಿ ನೂಲಿನ ಲೆಕ್ಕ ನೋಡುತ್ತ ಕೂತಾಗೆಲ್ಲ ಅನ್ನಿಸುತ್ತಿತ್ತು. ನೋಡುವುದನ್ನೇ ಬಿಟ್ಟೆ. ಹಬ್ಬವೊಂದು ಬಂದು ಹೋಯಿತು. ಬಿಸಿಲು ಏರಿತು. ಆಮೇಲೆ ಒಂದು ಮಧ್ಯಾಹ್ನ ನಲ್ಲಿ ತಿರುಗಿಸಿದೆ.

ತಿಳಿಯಾಗಿತ್ತು. ಗ್ಲಾಸಿನ ಹಿಂದೆ ಹಿಡಿದ ಬೀಗದಕೈಯ ಹಲ್ಲುಗಳನ್ನು ಎಣಿಸಬಹುದಾಗಿತ್ತು. ನಾನು ನಗಬೇಕಿತ್ತು. ಬದಲಿಗೆ ಮಾಳಿಗೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ನನ್ನ ಪದ್ಧತಿ ಸರಿಯಿತ್ತು. ಹಾಗಾದರೆ ಅವನು ಮಾಡಿದ್ದು ಅನಾವಶ್ಯಕವಾಗಿತ್ತು. ಬರೇ ಅವಸರಕ್ಕೆ, ಕೆಲವು ವಾರ ಮೊದಲು ಗೆಳೆಯರಿಂದ ಬೆನ್ನು ತಟ್ಟಿಸಿಕೊಳ್ಳುವುದಕ್ಕೆ ನನ್ನ ಮಾತನ್ನು ಮುರಿದಿದ್ದ.

ಅತ್ತೆಯ ಹತ್ತಿರ ಗ್ಲಾಸು ಒಯ್ದು ತೋರಿಸಿದೆ. "ನೋಡ್ರಿ ಅತ್ಯಾರ. ಇದರಾಗ ಏನೂ ಇಲ್ರಿ. ಖರೇನ ಏನೂ ಇಲ್ಲ."

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಅದ ಬಣ್ಣ, ಅದ ವಾಸನಿ. ಅದಕ್ಕೂ ಇದಕ್ಕೂ ಫರಕ ಏನ್ವಾ?" ಎಂದರು. ಅವರು ಚುಚ್ಚಲಿಕ್ಕೆ ಹೇಳಿದ್ದಲ್ಲ. ಅವರಿಗೆ ನಿಜವಾಗಿಯೂ ಫರಕು ಕಾಣಲಿಲ್ಲ.

ಹೋಟೆಲಿಗೆ ರಜೆಯಿದ್ದ ದಿನ ಗಂಡ ಬಂದ. ಅವನಿಗೂ ಒಂದು ಗ್ಲಾಸು ಕೊಟ್ಟೆ. ಯಾಕೆ ಕೊಟ್ಟೆನೋ. ಅವನು ಈಗ ಕಲಿತವನ ಗತ್ತಿನಲ್ಲಿ ಬೆಳಕಿಗೆ ಹಿಡಿದ, ಮೂಸಿದ, ಒಂದು ಗುಟುಕು ಕುಡಿದು ಕಣ್ಣು ಮಿಟುಕಿಸಿದ.

"ಎಷ್ಟ ಪುಡಿ ಹಾಕಿದಿ?"

"ಹಾಕಿಲ್ಲ."

"ನನ್ನ ಮುಂದರೆ ಖರೇ ಹೇಳು," ಎಂದು ನಕ್ಕ. "ಹಾಕದ ಇಷ್ಟ ತಿಳಿ ಬರೂದಿಲ್ಲ. ನಾ ದಿನಾ ಮಾಡಾಕತ್ತೇನಿ, ನನಗ ಗೊತ್ತಿಲ್ಲೇನ?"

ನಾನು ಇನ್ನೊಮ್ಮೆ ಇಲ್ಲ ಅನ್ನಲಿಲ್ಲ. ಅವನು ಇಡೀ ಗ್ಲಾಸು ಕುಡಿದು ಇನ್ನೂ ಸ್ವಲ್ಪ ಕೇಳಿದ. ಕೊಟ್ಟೆ. ಆಮೇಲೆ ನೂಲಿನ ದರದ ಮಾತಾಡಿದೆವು. ಈಗಲೂ ವಾರಕ್ಕೊಮ್ಮೆ ಬರುತ್ತಾನೆ, ನೂಲಿನ ದರದ ಮಾತಾಡುತ್ತೇವೆ. ಮದುವೆ ಮುಂಜಿಗಳಲ್ಲಿ ಸಿಕ್ಕವರು, ನಿಮ್ಮ ಯಜಮಾನರ ಬಿಯರು ಕನ್ನಡಿ ಇದ್ದ ಹಾಗಿದೆ ಅನ್ನುತ್ತಾರೆ. ಹೌದ್ರಿ, ಅನ್ನುತ್ತೇನೆ.